ಎಲೆಕ್ಟ್ರಿಕ್ ಕಾರಿನ ಟೈರ್ 32 ಸಾವಿರ ಕಿ.ಮೀ.ಗೇ ಬದಲಾಯಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಮೈಸೂರಿನಲ್ಲಿದ್ದೀರಿ, ನೆಕ್ಸಾನ್ ಇವಿ 32 ಸಾವಿರ ಕಿ.ಮೀ. ಓಡಿದೆ. ಟೈರ್ ಅಂಗಡಿಯವರು ನಾಲ್ಕೂ ಬದಲಾಯಿಸಿ ಅಂತಾರೆ. ಪೆಟ್ರೋಲ್ ಕಾರು ಇಟ್ಟಿರುವ ನಿಮ್ಮ ಭಾವ 50 ಸಾವಿರದವರೆಗೆ ಯೋಚನೆ ಬೇಡ ಅಂತಾರೆ. ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ, ಮೊದಲಿಗಿಂತ ಚೆನ್ನಾಗೇ ಬರುತ್ತಿದೆ, ಹಾಗಿದ್ದ ಮೇಲೆ ಟೈರಿಗೆ ಏನಾಗಿದೆ ಅನ್ನೋದು ನಿಮ್ಮ ಅನುಮಾನ.

ನಾನು ಮಂಡ್ಯದಿಂದ ಮೈಸೂರಿಗೆ ಇವಿಯಲ್ಲೇ ಓಡಾಡುವವನು. ಮೊದಲು ರೇಂಜ್ ವಿಷಯ ಹೇಳಿಬಿಡುತ್ತೇನೆ, ದಾರಿ ತಪ್ಪಿಸುವುದೇ ಅದು. ಟೈರ್ ಉರುಳುವಾಗ ರಸ್ತೆಗೆ ತಾಗಿದ ರಬ್ಬರ್ ಒತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ, ಅದರಲ್ಲಿ ಸ್ವಲ್ಪ ಕರೆಂಟ್ ಬಿಸಿಯಾಗಿ ಹೋಗುತ್ತದೆ. ಸವೆದ ಟೈರಿನಲ್ಲಿ ರಬ್ಬರೇ ಕಡಿಮೆ, ಹಾಗಾಗಿ ಅದು ಹಗುರವಾಗಿ ಉರುಳುತ್ತದೆ. ಇನ್ನೊಂದು ತಮಾಷೆ ಇದೆ. ನಿಮ್ಮ ಕಾರಿಗೆ 215/60 ಆರ್ 16 ಅಳತೆಯ ಟೈರ್ ಇದ್ದರೆ ಅದರ ಅಡ್ಡಳತೆ ಸುಮಾರು 66 ಸೆಂ.ಮೀ. ಸುತ್ತಲೂ 5 ಮಿ.ಮೀ. ಸವೆದರೆ ಅಡ್ಡಳತೆಯಲ್ಲಿ ಒಂದು ಸೆಂ.ಮೀ. ಹೋಯಿತು. ಮೀಟರ್ ಲೆಕ್ಕ ಹಾಕುವುದು ಚಕ್ರದ ಸುತ್ತನ್ನು, ಚಿಕ್ಕದಾದ ಚಕ್ರ ಅಷ್ಟೇ ದೂರಕ್ಕೆ ಹೆಚ್ಚು ಸುತ್ತುತ್ತದೆ. ಆಗ ಮೀಟರ್ 100 ಕಿ.ಮೀ. ತೋರಿಸಿದರೂ ಕಾರು ಓಡಿದ್ದು ತೊಂಬತ್ತೆಂಟೂವರೆ. ಅಂದರೆ ರೇಂಜ್ ಜಾಸ್ತಿಯಾಗಿದ್ದು ಟೈರ್ ಮುಗಿಯುತ್ತಾ ಬಂತು ಅನ್ನುವುದಕ್ಕೇ ಗುರುತಾಗಿರಬಹುದು! ಹೊಸದು ಹಾಕಿಸಿದ ಮೇಲೆ ರೇಂಜ್ ಸ್ವಲ್ಪ ಇಳಿಯುತ್ತದೆ. ಆಗ ಬ್ಯಾಟರಿ ಹೋಯಿತು ಅಂತ ಸರ್ವಿಸ್ ಸೆಂಟರಿಗೆ ಓಡಬೇಡಿ.

ಭಾವನವರ ಲೆಕ್ಕ ಅವರ ಕಾರಿಗೆ ಸರಿ. ನಮ್ಮದು ಬ್ಯಾಟರಿ ತೂಕ ಹೊತ್ತ ಕಾರು. ಸಿಗ್ನಲ್‌ನಲ್ಲಿ ಆಕ್ಸಲರೇಟರ್ ಒತ್ತಿದ ಕೂಡಲೇ ಮೋಟಾರಿನ ಪೂರ್ತಿ ಬಲ ಮುಂದಿನ ಎರಡು ಚಕ್ರಕ್ಕೆ ಬೀಳುತ್ತದೆ. ಕಾಲು ತೆಗೆದರೆ ರೀಜನ್ (ಮೋಟಾರೇ ಕಾರನ್ನು ನಿಧಾನ ಮಾಡಿ ಬ್ಯಾಟರಿಗೆ ಕರೆಂಟ್ ತುಂಬುವುದು) ಎಳೆಯುವುದೂ ಅದೇ ಎರಡು ಚಕ್ರವನ್ನು. ಹಾಗಾಗಿ ಮುಂದಿನವು ಬೇಗ ಸವೆಯುತ್ತವೆ. ಸ್ಪೋರ್ಟ್ ಮೋಡಿನಲ್ಲಿ ಜಿಗಿಸಿ ಓಡಿಸುವವರಿಗೆ 30 ಸಾವಿರಕ್ಕೇ ಮುಗಿದರೂ ಆಶ್ಚರ್ಯವಿಲ್ಲ, ನಿಧಾನಸ್ಥರಿಗೆ ಇನ್ನೂ ಬಹಳ ಬರುತ್ತದೆ. ಕಿ.ಮೀ. ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ.

ಅಳೆಯಿರಿ, ಅಷ್ಟೇ. ಟೈರಿನ ಗೀರುಗಳ ಆಳ ಅಳೆಯುವ ಡೆಪ್ತ್ ಗೇಜ್ ಅಂತ ಚಿಕ್ಕ ಸಾಧನ ಬರುತ್ತದೆ, ಬೆಲೆ ಏನೂ ದೊಡ್ಡದಲ್ಲ. ಹೊಸ ಟೈರಿನಲ್ಲಿ ಆಳ 7ರಿಂದ 8 ಮಿ.ಮೀ. ಇರುತ್ತದೆ. ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಂಡು ಇರುತ್ತದೆ ನೋಡಿ, ಮೇಲ್ಮೈ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. ವಿಕ್ರಾಂತ್ ಟೈರ್ ಮಾಡಿದ ಊರಿನಲ್ಲಿದ್ದೂ ಬಗ್ಗಿ ಟೈರ್ ನೋಡುವವರು ಕಡಿಮೆ ಬಿಡಿ.

ಒಂದೇ ಜಾಗದಲ್ಲಿ ಅಳೆದು ಸುಮ್ಮನಾಗಬೇಡಿ. ಹೊರ ಅಂಚು, ನಡು, ಒಳ ಅಂಚು, ಮೂರೂ ಕಡೆ ನೋಡಿ. ಒಳ ಅಂಚು ನಿಂತು ನೋಡಿದರೆ ಕಾಣುವುದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟು ಬಗ್ಗಬೇಕು. ಹೊರಗಡೆ 4 ಮಿ.ಮೀ. ಇದ್ದು ಒಳಗಡೆ ಬೋಳಾಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಲ್ಲುವ ಕೋನ, ಹಾಳಾಗಿದೆ ಅಂತ ಅರ್ಥ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಂಗಡಿಯವರಿಗೂ ಹೇಳಿ, ನನ್ನ ಮುಂದೆಯೇ ಅಳೆದು ತೋರಿಸಿ ಅಂತ. ಅಳೆಯದೆ ನಾಲ್ಕೂ ಬದಲಾಯಿಸಿ ಅನ್ನುವವರನ್ನು ನಾನು ನಂಬುವುದಿಲ್ಲ.

ಇನ್ನು ಎಷ್ಟಕ್ಕೆ ಬದಲಾಯಿಸಬೇಕು? ನನ್ನ ಮಟ್ಟಿಗೆ 3 ಮಿ.ಮೀ. ಕಾನೂನು 1.6 ಅನ್ನುತ್ತದೆ ನಿಜ, ಆದರೆ ಮಳೆ ಕಾನೂನು ಓದುವುದಿಲ್ಲ. ಗೀರುಗಳ ಕೆಲಸವೇ ಟೈರ್ ಅಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ ಕಡಿಮೆಯಾದಷ್ಟೂ, ವೇಗ ಜಾಸ್ತಿಯಾದಷ್ಟೂ, ನೀರು ಹೊರಗೆ ಹೋಗಲು ಪುರುಸೊತ್ತು ಇರುವುದಿಲ್ಲ. ಆಗ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿಬರುವುದಷ್ಟೇ ನಿಮ್ಮ ಓಡಾಟವಾದರೆ ಎರಡೂವರೆವರೆಗೂ ತಳ್ಳಬಹುದು. ವಾರವಾರ ಬೆಂಗಳೂರು ಹೆದ್ದಾರಿಯಲ್ಲಿ 100ರ ಹತ್ತಿರ ಹೋಗುವವರಾದರೆ 3ಕ್ಕೇ ಬದಲಾಯಿಸಿ. ಆ ರಸ್ತೆಯಲ್ಲಿ ರಾಮನಗರದ ಹತ್ತಿರ ಮಳೆಗೆ ನೀರು ನಿಂತು ಎಷ್ಟು ರಾದ್ಧಾಂತವಾಗಿತ್ತು ಅಂತ ಎಲ್ಲರೂ ನೋಡಿದ್ದೇವೆ. ನಮ್ಮ ಕಡೆ ಜೋರು ಮಳೆ ಮೇ ತಿಂಗಳಲ್ಲೂ ಬರುತ್ತದೆ, ಅಕ್ಟೋಬರ್‌ನಲ್ಲೂ ಬರುತ್ತದೆ. ಏಪ್ರಿಲ್‌ನಲ್ಲಿ ಅಳೆದು ಮೂರರ ಹತ್ತಿರ ಇದ್ದರೆ ಮಳೆ ಮುಗಿಯಲಿ ಅಂತ ಕಾಯುವುದರಲ್ಲಿ ಅರ್ಥವಿಲ್ಲ, ಅಲ್ವಾ? ಬದಲಾಯಿಸುವವರೆಗೆ ಮಳೆಯಲ್ಲಿ ರೀಜನ್ ಕಡಿಮೆ ಹಂತದಲ್ಲಿಡಿ. ಸವೆದ ಟೈರಿನಲ್ಲಿ ದಿಢೀರ್ ಕಾಲು ತೆಗೆದರೆ ಮುಂದಿನ ಚಕ್ರ ಜಾರಬಹುದು.

ಆಳ ಚೆನ್ನಾಗಿದ್ದರೂ ಬದಲಾಯಿಸಬೇಕಾದ ಸಂದರ್ಭ ಇವೆ. ಪಕ್ಕದ ಗೋಡೆಯಲ್ಲಿ ಉಬ್ಬು ಬಂದಿದ್ದರೆ ಅವತ್ತೇ ತೆಗೆಸಿ. ಟೈರ್ ವಯಸ್ಸೂ ನೋಡಿ: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಆರು ವರ್ಷದ ಮೇಲೆ ನಾನು ಇಟ್ಟುಕೊಳ್ಳುವುದಿಲ್ಲ, ನಮ್ಮ ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಹೊಸದು ಕೊಳ್ಳುವಾಗಲೂ ಇದೇ ಅಂಕಿ ನೋಡಿ.

ನಾಲ್ಕೂ ಬೇಕಾ ಅಂದರೆ, ಹಿಂದಿನವು 4 ಮಿ.ಮೀ. ಮೇಲಿದ್ದರೆ ಎರಡು ಸಾಕು. ಆದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ, ಹಿಂದಿನವನ್ನು ಮುಂದಕ್ಕೆ ತನ್ನಿ. ಮೋಟಾರ್ ಮುಂದಿದೆಯಲ್ಲ, ಹೊಸದು ಮುಂದೆ ಇರಲಿ ಅಂತ ಅಂಗಡಿಯಲ್ಲಿ ಹೇಳಬಹುದು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ನಿಧಾನ ಮಾಡಿ ಸಂಭಾಳಿಸಬಹುದು, ಹಿಂಭಾಗ ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ. ಆಮೇಲೆ ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದುಮುಂದು ಮಾಡಿಸುತ್ತಿದ್ದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ.

ಅಗ್ಗ ಅಂತ ಕಡಿಮೆ ಭಾರ ತಾಳುವ ಟೈರ್ ಮಾತ್ರ ಹಾಕಿಸಬೇಡಿ. ಅಳತೆಯ ಪಕ್ಕದಲ್ಲಿ 95 ಅಂತ ಇದ್ದರೆ ಒಂದು ಟೈರ್ 690 ಕೆ.ಜಿ. ತಾಳುತ್ತದೆ ಅಂತ. ಈಗಿರುವ ಟೈರಿನ ಮೇಲಿನ ಅಂಕಿಗಿಂತ ಕಡಿಮೆಯದು ಬೇಡ. ಸೆಕೆಂಡ್ ಹ್ಯಾಂಡ್ ಕೇಳಲೇಬೇಡಿ, ಬೋಳು ಟೈರಿಗೆ ಮತ್ತೆ ಗೀರು ಕೊರೆದು ಹೊಳಪು ಹಚ್ಚಿ ಮಾರುವವರೂ ಇದ್ದಾರೆ.