ಕೊಡೆ ಹಿಡಿದು ಊರು ನೋಡುವ ಓದು

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ. ಆರ್ಕಿಟೆಕ್ಚರ್ ಓದಿ ಅರ್ಬನ್ ಡಿಸೈನ್ ಮಾಡ್ತಾಳಂತೆ. ಮಡಿಕೇರಿಯಂಥ ಊರಲ್ಲಿ ಅದಕ್ಕೇನು ಕೆಲಸ, ಸರ್?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಓದಿನ ಲೆಕ್ಕ ಸುಲಭ. ಪ್ರವೇಶಕ್ಕೆ ನಾಟಾ ಪರೀಕ್ಷೆ, 5 ವರ್ಷ ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ), ಆಮೇಲೆ 2 ವರ್ಷ ಅರ್ಬನ್ ಡಿಸೈನ್.

ಕೆಲಸವಾ? ಜಾಸ್ತಿಯೇ ಇದೆ. ಮನೆ ಮನೆಯ ನಡುವೆ ಇರುವುದೆಲ್ಲ ಅರ್ಬನ್ ಡಿಸೈನಿನವರಾದ ನಮ್ಮದೇ ಕೆಲಸ: ರಸ್ತೆ, ಚರಂಡಿ, ಮೆಟ್ಟಿಲು, ಸಂತೆ.

ಮೇಷ್ಟ್ರಾದ ಹೊಸತರಲ್ಲಿ ಗುಡ್ಡದೂರೊಂದಕ್ಕೆ ಸಂತೆಮಾಳದ ನಕ್ಷೆ ಬರೆದಿದ್ದೆ. ಜನವರಿ ತಿಂಗಳು, ನೆಲ ಒಣಗಿತ್ತು. ನಕ್ಷೆ ನೋಡಿ ತರಕಾರಿ ಮಾರುವ ಅಜ್ಜಿ ನಕ್ಕರು. ಹತ್ತಿರದ ಕಂಬದಲ್ಲಿ ಮಂಡಿಯೆತ್ತರಕ್ಕಿದ್ದ ಕೆಸರಿನ ಗೆರೆ ತೋರಿಸಿ, "ಮಳೆಗಾಲದಲ್ಲಿ ಇಲ್ಲಿ ತೋಡು ಹರಿಯುತ್ತೆ ಮೇಷ್ಟ್ರೇ" ಅಂದರು. ನಕ್ಷೆ ಪೂರ್ತಿ ಬದಲಾಯಿತು. ಆಮೇಲಿಂದ ನನ್ನ ವಿದ್ಯಾರ್ಥಿಗಳಿಗೆ ಮೊದಲ ಸರ್ವೆ ಜುಲೈಯಲ್ಲೇ. (ಕೊಡೆ ಸುಮ್ನೆ ಹೆಸರಿಗೆ, ಇಲ್ಲಿ ಮಳೆ ಅಡ್ಡಡ್ಡ ಬರುತ್ತದೆ.)

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ನೆನಪಿದೆ ಅಲ್ವಾ? ಮಳೆ ಜೋರಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ ಅಂತ ನಾವು ಗುಡ್ಡವನ್ನು ನೆಟ್ಟಗೆ ಕೊಯ್ದಿದ್ದೂ ಇತ್ತು. ಎಲ್ಲಿ ಕೊಯ್ಯಬಾರದು ಎಂದು ಮೊದಲೇ ಗುರುತು ಹಾಕುವವರು ಬೇಕು.

ಕಳಿಸಿ. ಸೇರುವ ಮೊದಲು ಒಂದು ಐನ್‌ಮನೆಯ (ಕೊಡವರ ಕುಟುಂಬದ ಮೂಲಮನೆ) ಅಂಗಳದಲ್ಲಿ ನಿಂತು, ನೀರು ಯಾವ ಕಡೆ ಹೋಗುತ್ತದೆಂದು ಬರೆದುಕೊಂಡು ಬರಲಿ.