ಓದುಗರ ಪ್ರಶ್ನೆ: ಒಂದೇ ಜೋಡಿ ನಕ್ಷತ್ರಕ್ಕೆ ಇಷ್ಟೊಂದು ದೂರದರ್ಶಕಗಳೇಕೆ?

ಪ್ರಶ್ನೆ: ಕಪ್ಪುಕುಳಿ ಅಥವಾ ನ್ಯೂಟ್ರಾನ್ ನಕ್ಷತ್ರವಿರುವ ಜೋಡಿಗಳನ್ನು ರೇಡಿಯೊ, ಗೋಚರ ಬೆಳಕು, ಎಕ್ಸ್-ಕಿರಣ ಹೀಗೆ ಹಲವು ತರಂಗಾಂತರಗಳಲ್ಲಿ, ಅದೂ ಏಕಕಾಲಕ್ಕೆ ವೀಕ್ಷಿಸುತ್ತಾರೆಂದು ಓದಿದ್ದೇನೆ. ಶಕ್ತಿಶಾಲಿಯಾದ ಒಂದೇ ದೂರದರ್ಶಕ ಸಾಲದೇ? ಬೇರೆ ಬೇರೆ ದಿನಗಳಲ್ಲಿ ಪಡೆದ ಮಾಹಿತಿಯನ್ನು ಆಮೇಲೆ ಜೋಡಿಸಿಕೊಂಡರೆ ಆಗದೇ?

ಉತ್ತರ: ಒಂದೇ ದೂರದರ್ಶಕ ಸಾಲದು. ಇಂತಹ ಜೋಡಿಗಳಲ್ಲಿ ಸತ್ತ ನಕ್ಷತ್ರದ ಅವಶೇಷವೊಂದು, ಅಂದರೆ ಶ್ವೇತ ಕುಬ್ಜ, ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪುಕುಳಿ, ತನ್ನ ಸಂಗಾತಿ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುತ್ತಿರುತ್ತದೆ. ಆ ಅನಿಲವು ಸಾಮಾನ್ಯವಾಗಿ ನೇರವಾಗಿ ಒಳಗೆ ಬೀಳದೆ, ಸುತ್ತುತ್ತಾ ತಟ್ಟೆಯಂತೆ ಹರಡಿಕೊಂಡು, ಒಳಕ್ಕೆ ಸರಿದಂತೆಲ್ಲ ಕಾಯುತ್ತಾ ಹೋಗುತ್ತದೆ. ಕಪ್ಪುಕುಳಿಯ ಸುತ್ತಲಿನ ತಟ್ಟೆ ಪ್ರಖರವಾಗಿ ಬೆಳಗುವಾಗ ಅದರ ಒಳ ಅಂಚಿನ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಬಲ್ಲದು, ಆದ್ದರಿಂದ ಅಲ್ಲಿಂದ ಹೊಮ್ಮುವುದು ಎಕ್ಸ್-ಕಿರಣ. ಹೊರಭಾಗ ಅದಕ್ಕಿಂತ ಎಷ್ಟೋ ತಣ್ಣಗಿರುವುದರಿಂದ ಅತಿನೇರಳೆ ಮತ್ತು ಗೋಚರ ಬೆಳಕಿನಲ್ಲಿ ಕಾಣುತ್ತದೆ. ಅವಶೇಷದ ಸಮೀಪದಿಂದ ಅತಿವೇಗವಾಗಿ ಹೊರಚಿಮ್ಮುವ ಜೆಟ್, ರೇಡಿಯೊದಿಂದ ಹಿಡಿದು ಅವಕೆಂಪು ಮತ್ತು ಗೋಚರ ಬೆಳಕಿನವರೆಗೂ ಹೊಳೆಯುತ್ತದೆ. ಹೀಗೆ ಒಂದೊಂದು ತರಂಗಾಂತರವೂ ವ್ಯವಸ್ಥೆಯ ಒಂದೊಂದು ಭಾಗದ ಸುದ್ದಿಯನ್ನು ತರುತ್ತದೆ. ಎಕ್ಸ್-ಕಿರಣಗಳು ವಾಯುಮಂಡಲವನ್ನು ದಾಟಿ ನೆಲಕ್ಕೆ ಬರಲಾರವಾದ್ದರಿಂದ ಅವುಗಳಿಗೆ ಉಪಗ್ರಹವೇ ಬೇಕು.

ಸಿಗ್ನಸ್ ಎಕ್ಸ್-1ರ ಇತಿಹಾಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1964ರಲ್ಲಿ ರಾಕೆಟ್ ಹಾರಾಟದಿಂದ ಪತ್ತೆಯಾದ ಈ ಎಕ್ಸ್-ಕಿರಣ ಆಕರ ಆಕಾಶದಲ್ಲಿ ನಿಖರವಾಗಿ ಎಲ್ಲಿದೆ ಎಂದು ಅಂದಿನ ಎಕ್ಸ್-ಕಿರಣ ಉಪಕರಣಗಳು ಹೇಳಲಾರದಾಗಿದ್ದವು. 1971ರಲ್ಲಿ ಅದರ ಎಕ್ಸ್-ಕಿರಣದ ಸ್ವರೂಪ ಬದಲಾದಾಗಲೇ ಅದೇ ಪ್ರದೇಶದಲ್ಲಿ ಒಂದು ರೇಡಿಯೊ ಆಕರವೂ ಕಾಣಿಸಿಕೊಂಡಿತು. ರೇಡಿಯೊ ತೋರಿಸಿದ ಬಿಂದುವಿನಲ್ಲಿ ಎಚ್‌ಡಿಇ 226868 ಎಂಬ ನೀಲಿ ನಕ್ಷತ್ರವಿತ್ತು. ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ರೇಖೆಗಳು 5.6 ದಿನಗಳಿಗೊಮ್ಮೆ ಅತ್ತಿತ್ತ ಸರಿಯುವುದನ್ನು ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್ ಹಾಗೂ ಪ್ರತ್ಯೇಕವಾಗಿ ಟಾಮ್ ಬೋಲ್ಟನ್ ಗುರುತಿಸಿ, ಕಾಣದ ಸಂಗಾತಿ ಕಪ್ಪುಕುಳಿಯಿರಬಹುದೆಂಬ ವಾದಕ್ಕೆ ಆಧಾರ ಒದಗಿಸಿದರು. ಎಕ್ಸ್-ಕಿರಣ ಸುಳಿವು ಕೊಟ್ಟಿತು, ರೇಡಿಯೊ ವಿಳಾಸ ಕೊಟ್ಟಿತು, ಗೋಚರ ಬೆಳಕು ತೂಕ ಹೇಳಿತು. 2021ರಲ್ಲಿ ರೇಡಿಯೊ ದೂರದರ್ಶಕಗಳ ಜಾಲದಿಂದ ದೂರವನ್ನು ಮತ್ತೆ ಅಳೆದಾಗ ಅದು ಸುಮಾರು 7,200 ಜ್ಯೋತಿರ್ವರ್ಷವೆಂದು ತಿಳಿದು, ಕಪ್ಪುಕುಳಿಯ ದ್ರವ್ಯರಾಶಿಯ ಲೆಕ್ಕವೂ ಸೂರ್ಯನ 21ರಷ್ಟಕ್ಕೆ ಏರಿತು.

ಇನ್ನು ಏಕಕಾಲಕ್ಕೆ ಏಕೆ ಎಂಬುದು. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇದೇ. ಈ ವ್ಯವಸ್ಥೆಗಳು ಎಷ್ಟು ಚಿಕ್ಕವೆಂದರೆ ಅವುಗಳ ಒಳರಚನೆಯನ್ನು ಚಿತ್ರವಾಗಿ ತೋರಿಸಬಲ್ಲ ಗೋಚರ ಬೆಳಕಿನ ದೂರದರ್ಶಕವಾಗಲಿ ಎಕ್ಸ್-ಕಿರಣ ದೂರದರ್ಶಕವಾಗಲಿ ಇಲ್ಲ. ಸುಮಾರು 7,800 ಜ್ಯೋತಿರ್ವರ್ಷ ದೂರದ ವಿ404 ಸಿಗ್ನಿಯ ಕಪ್ಪುಕುಳಿ ಮತ್ತು ಅದರ ಸಂಗಾತಿಯ ನಡುವಿನ ಅಂತರ, ಸೂರ್ಯನಿಗೂ ಬುಧ ಗ್ರಹಕ್ಕೂ ಇರುವ ಅಂತರಕ್ಕಿಂತ ಕಡಿಮೆ. ಆದ್ದರಿಂದ ಇಲ್ಲಿ ದೂರವನ್ನು ಕಾಲದಿಂದ ಅಳೆಯಬೇಕಾಗುತ್ತದೆ. 1989ರ ನಂತರ ಶಾಂತವಾಗಿದ್ದ ಈ ಜೋಡಿ 2015ರ ಜೂನ್‌ನಲ್ಲಿ ಮತ್ತೆ ಸ್ಫೋಟಿಸಿದಾಗ, ನ್ಯೂಸ್ಟಾರ್ ಉಪಗ್ರಹ ಎಕ್ಸ್-ಕಿರಣದಲ್ಲಿಯೂ ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕ ಗೋಚರ ಬೆಳಕಿನಲ್ಲಿಯೂ ಅದನ್ನು ಒಟ್ಟಿಗೆ ನೋಡುತ್ತಿದ್ದವು. ಎಕ್ಸ್-ಕಿರಣದ ಮಿನುಗು ಬಂದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದ ಮೇಲೆ ಗೋಚರ ಬೆಳಕಿನ ಮಿನುಗು ಬರುತ್ತಿತ್ತು. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವ ದೂರ ಸುಮಾರು 30,000 ಕಿಲೋಮೀಟರ್. ಜೆಟ್ ಹೊಳೆಯತೊಡಗುವ ತಾಣ ಕಪ್ಪುಕುಳಿಯಿಂದ ಹೆಚ್ಚೆಂದರೆ ಅಷ್ಟು ದೂರದಲ್ಲಿದೆ ಎಂದು ಸಂಶೋಧಕರು ಇದರಿಂದ ತೀರ್ಮಾನಿಸಿದರು. ಎರಡು ವೀಕ್ಷಣೆಗಳು ಬೇರೆ ಬೇರೆ ರಾತ್ರಿಗಳಲ್ಲಿ ನಡೆದಿದ್ದರೆ ಈ ಅಳತೆ ಸಿಗುತ್ತಲೇ ಇರಲಿಲ್ಲ. 2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಭಾರತದ ಆಸ್ಟ್ರೋಸ್ಯಾಟ್‌ನಲ್ಲಿ ಅತಿನೇರಳೆ ಮತ್ತು ಎಕ್ಸ್-ಕಿರಣ ಉಪಕರಣಗಳನ್ನು ಒಂದೇ ನೌಕೆಯಲ್ಲಿ ಇರಿಸಿರುವುದೂ ಇಂತಹ ವೀಕ್ಷಣೆಗಾಗಿಯೇ.

ಪ್ರಶ್ನೆ: ಇಷ್ಟೆಲ್ಲ ಉಪಗ್ರಹಗಳಿರುವಾಗ ಹವ್ಯಾಸಿಗಳ ಸಣ್ಣ ದೂರದರ್ಶಕಕ್ಕೆ ಕೆಲಸವಿದೆಯೇ?

ಉತ್ತರ: ಖಂಡಿತ ಇದೆ, ಅದೂ ಬಹಳ ಮುಖ್ಯವಾದ ಕೆಲಸ. ಶ್ವೇತ ಕುಬ್ಜವಿರುವ ಎಸ್‌ಎಸ್ ಸಿಗ್ನಿ ಎಂಬ ಜೋಡಿ 1896ರಲ್ಲಿ ಪತ್ತೆಯಾದದ್ದು. ಅದು ಸಾಮಾನ್ಯವಾಗಿ 12ನೆಯ ಕಾಂತಿಮಾನದಲ್ಲಿದ್ದು (ಹೊಳಪಿನ ಈ ಅಳತೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು), ಕೆಲವು ವಾರಗಳಿಗೊಮ್ಮೆ 8ರ ಆಸುಪಾಸಿಗೆ ಬೆಳಗುತ್ತದೆ. ಮುಂದಿನ ಸ್ಫೋಟ ಯಾವ ದಿನವೆಂದು ಮೊದಲೇ ಲೆಕ್ಕ ಹಾಕಲು ಬರುವುದಿಲ್ಲ, ಉಪಗ್ರಹಗಳೂ ಸದಾ ಅದನ್ನೇ ನೋಡುತ್ತಾ ಕೂರುವಂತಿಲ್ಲ. 1996ರ ಸ್ಫೋಟವೊಂದನ್ನು ಹವ್ಯಾಸಿಗಳ ಜೊತೆಗೆ ಉಪಗ್ರಹಗಳೂ ವೀಕ್ಷಿಸಿದಾಗ, ಗೋಚರ ಬೆಳಕು ಏರತೊಡಗಿ ಸುಮಾರು ಒಂದು ದಿನವಾದ ಮೇಲೆ ಎಕ್ಸ್-ಕಿರಣ ಏರಿತು. ಸ್ಫೋಟದ ಅಲೆ ತಟ್ಟೆಯ ಹೊರಭಾಗದಿಂದ ಒಳಕ್ಕೆ ಸಾಗಲು ಹಿಡಿಯುವ ಕಾಲವದು.

ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಹಬಲ್ ದೂರದರ್ಶಕದ ಅಳತೆ ಈ ಜೋಡಿ 500ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆ ಎಂದಿತ್ತು. ಅದು ನಿಜವಾಗಿದ್ದರೆ ಸ್ಫೋಟಗಳನ್ನು ವಿವರಿಸುವ ಸಿದ್ಧಾಂತವೇ ಕುಸಿಯುತ್ತಿತ್ತು. ರೇಡಿಯೊದಿಂದ ಮತ್ತೆ ಅಳೆಯೋಣವೆಂದರೆ, ಎಸ್‌ಎಸ್ ಸಿಗ್ನಿ ರೇಡಿಯೊದಲ್ಲಿ ಸಾಕಷ್ಟು ಪ್ರಕಾಶಿಸುವುದು ಸ್ಫೋಟದ ವೇಳೆಯಲ್ಲಿ ಮಾತ್ರ. ಹವ್ಯಾಸಿ ವೀಕ್ಷಕರು ಸ್ಫೋಟದ ಸುಳಿವು ಕೊಟ್ಟಾಗಲೆಲ್ಲ ರೇಡಿಯೊ ಜಾಲಗಳು ಅದರತ್ತ ತಿರುಗಿದವು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅದರ ದೂರ ಸುಮಾರು 370 ಜ್ಯೋತಿರ್ವರ್ಷ, ಮತ್ತು ಸಿದ್ಧಾಂತ ಉಳಿದುಕೊಂಡಿತು.

ನೀವೂ ತೊಡಗುವುದಾದರೆ ಕಾಂತಿಮಾನದೊಂದಿಗೆ ವೀಕ್ಷಣೆಯ ನಿಖರ ಸಮಯವನ್ನೂ, ಹೋಲಿಕೆಗೆ ಬಳಸಿದ ನಕ್ಷತ್ರಗಳನ್ನೂ ತಪ್ಪದೆ ಬರೆದಿಡಿ. ನಕ್ಷತ್ರ ಮಂಕಾಗಿಯೇ ಇದ್ದ ರಾತ್ರಿಗಳ ದಾಖಲೆಯನ್ನೂ ಕಳುಹಿಸಿ. ಸ್ಫೋಟ ಯಾವಾಗ ಶುರುವಾಯಿತೆಂದು ನಿರ್ಧರಿಸಲು, ಅದು ಇನ್ನೂ ಶುರುವಾಗಿರದ ಕೊನೆಯ ವೀಕ್ಷಣೆಯೂ ಬೇಕಾಗುತ್ತದೆ.