ಟ್ರೆಕ್ಕಿನ ಕೊನೆಗೆ ಸಿಗುವ ಬಿಡುವಿನ ದಿನವನ್ನು ಕೈಬಿಡಲು ಹೋಗಬೇಡಿ

ಲಡಾಖಿನ ಮಾರ್ಖಾ ಕಣಿವೆಯಲ್ಲಿ ಒಂಬತ್ತು ದಿನ ಡೇರೆ ವಾಸ, ಏಳನೇ ದಿನ ತಾಚುಂಗ್ಸೆಯಲ್ಲಿ ಬಿಡುವು. ಅದನ್ನು ಕೈಬಿಟ್ಟು ಒಂದು ದಿನ ಮೊದಲೇ ಲೇಹ್ ಸೇರಲೋ, ಪಕ್ಕದ ಗುಡ್ಡ ಹತ್ತಿ ಬರಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಗುಡ್ಡ ಹತ್ತಿದವನು. ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ನಾಲ್ಕಕ್ಕೆ ಇಳಿದೆ. ಅಷ್ಟೂ ಹೊತ್ತು ನನ್ನ ಸ್ಲೀಪಿಂಗ್ ಬ್ಯಾಗು ಬಿಗಿದು ಕಟ್ಟಿದ ಚೀಲದೊಳಗೇ ಇತ್ತು. ಮರುದಿನ ರಾತ್ರಿ ಮುಂದಿನ ತಂಗುದಾಣ ನಿಮಾಲಿಂಗ್‌ನಲ್ಲಿ ಚಳಿಗೆ ಒಂದು ಗಳಿಗೆಯೂ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕಾಂಗ್ಮಾರು ಲಾ ಎಂಬ ಎತ್ತರದ ಘಟ್ಟ ಏರುವಾಗ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾಯಿತು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಪುಕ್ಕ ತುಂಬಿದ ಬ್ಯಾಗಿನಲ್ಲಿ ಬೆಚ್ಚಗಿಡುವುದು ಪುಕ್ಕವಲ್ಲ, ಅದು ಉಬ್ಬಿ ಹಿಡಿದಿಟ್ಟ ಗಾಳಿ. ರಾತ್ರಿಯಿಡೀ ಮೈಯಿಂದ ಹೊರಡುವ ಆವಿ ಒಳಬಟ್ಟೆ ದಾಟಿ ಪುಕ್ಕಕ್ಕೆ ಸೇರುತ್ತದೆ. ಹೊರಪದರ ತಣ್ಣಗಿರುವುದರಿಂದ ಅಲ್ಲೇ ನೀರಾಗಿ ನಿಲ್ಲುತ್ತದೆ. ಒಂದು ರಾತ್ರಿಯದ್ದು ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಎದ್ದವರೇ ಚೀಲಕ್ಕೆ ತುರುಕುವುದು, ಸಂಜೆ ಬಿಚ್ಚಿ ಮಲಗುವುದು, ಹೀಗೆ ಆರು ರಾತ್ರಿ ಕಳೆದರೆ ಪುಕ್ಕ ಗಂಟುಗಟ್ಟುತ್ತದೆ. ಹೊರಗೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ನಾನು ಮೋಸ ಹೋದದ್ದು ಅಲ್ಲೇ. ಬ್ಯಾಗನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿ. ಹೊಲಿಗೆಯ ಒಂದೊಂದು ಖಾನೆಯಲ್ಲೂ ಪುಕ್ಕ ನೆಲ್ಲಿಕಾಯಿಯಷ್ಟು ದಪ್ಪದ ಉಂಡೆಗಳಾಗಿ ಮೂಲೆ ಸೇರಿದ್ದರೆ, ಉಳಿದ ಕಡೆ ನಿಮ್ಮ ಮೈಗೂ ಚಳಿಗೂ ನಡುವೆ ಇರುವುದು ಎರಡು ತೆಳು ಬಟ್ಟೆ ಮಾತ್ರ. ಬ್ಯಾಗಿನ ಚೀಟಿಯಲ್ಲಿ ಮೈನಸ್ ಹತ್ತು ಡಿಗ್ರಿ ಚಳಿ ತಡೆಯುತ್ತದೆ ಅಂತ ಬರೆದಿದ್ದರೆ ಏನು ಬಂತು?

ಹಾಗಾಗಿ ಬಿಡುವಿನ ದಿನದ ಮೊದಲ ಕೆಲಸ ಬ್ಯಾಗು ಒಣಗಿಸುವುದು. ಡೇರೆಯೊಳಗೆ ಹರಡಿದರೆ ಸಾಲದು, ಅಲ್ಲಿನ ಗಾಳಿಯಲ್ಲೇ ಪಸೆ ಇರುತ್ತದೆ. ಹತ್ತು ಗಂಟೆ ಹೊತ್ತಿಗೆ ಬಂಡೆ ಕಾದಿರುತ್ತದೆ. ಝಿಪ್ ಪೂರ್ತಿ ಬಿಚ್ಚಿ, ಒಳಮೈ ಮೇಲೆ ಬರುವಂತೆ ತಿರುವಿ ಹಾಸಿ. ಗಾಳಿ ಎತ್ತಿಕೊಂಡು ಹೋಗದ ಹಾಗೆ ಎರಡೂ ತುದಿ ಹಗ್ಗದಿಂದ ಕಟ್ಟಿ. ಅರ್ಧ ಗಂಟೆಗೊಮ್ಮೆ ಮಗುಚಿ, ಗಂಟುಗಳನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿ, ಅಂಗೈಯಲ್ಲಿ ತಟ್ಟಿ. ಹಿಂಡಬೇಡಿ, ಒದ್ದೆ ಪುಕ್ಕ ಮುರಿಯುತ್ತದೆ. ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಸಾಕು. ಮೂರರೊಳಗೆ ಒಳಗೆ ತನ್ನಿ, ಮಲಗುವ ತನಕ ಚೀಲಕ್ಕೆ ತುಂಬದೆ ಹಾಗೇ ಸಡಿಲವಾಗಿ ಬಿಡಿ.

ಬೇಗ ಲೇಹ್ ಸೇರುವ ಯೋಚನೆಯೂ ಸರಿಯಲ್ಲ. ದಾರಿ ಏರುತ್ತಲೇ ಹೋಗುತ್ತದೆ: ಹಂಕರ್ ಹಳ್ಳಿ ಸುಮಾರು 4,000 ಮೀಟರ್, ತಾಚುಂಗ್ಸೆ 4,250ರ ಆಸುಪಾಸು, ನಿಮಾಲಿಂಗ್ 4,700 ದಾಟುತ್ತದೆ, ಕಾಂಗ್ಮಾರು ಲಾ 5,200ರ ಹತ್ತಿರ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ನಿಮ್ಮ ಪಟ್ಟಿ ಮಾಡಿದವರು ತಿಳಿದೇ ಆ ದಿನ ಇಟ್ಟಿದ್ದಾರೆ.

ಬ್ಯಾಗು ಬಿಸಿಲಲ್ಲಿರುವಾಗ ಉಳಿದದ್ದು ಮುಗಿಸಿ. ಕಾಲುಚೀಲವನ್ನು ಬೆಳಿಗ್ಗೆಯೇ ಒಗೆಯಿರಿ. ಮಧ್ಯಾಹ್ನದ ಮೇಲೆ ಮೇಲಿನ ಹಿಮ ಕರಗಿ ಹೊಳೆ ಏರುತ್ತದೆ, ನೀರು ರಾಡಿಯಾಗುತ್ತದೆ. ಸೋಪನ್ನು ಹೊಳೆಗೆ ತಾಗಿಸಲೇಬೇಡಿ, ನೀವಿರುವುದು ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೆ. ಪಾತ್ರೆಯಲ್ಲಿ ನೀರು ತಂದು ಅರವತ್ತು ಮೀಟರ್ ದೂರ ಹೋಗಿ ಒಗೆಯಿರಿ. ಡೇರೆಯ ಝಿಪ್ಪಿನ ಹಲ್ಲಲ್ಲಿ ಕೂತ ಮರಳನ್ನು ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ತೆಗೆದು ಮೇಣದಬತ್ತಿ ತೀಡಿ. ಮರಳು ಬಿಟ್ಟರೆ ಝಿಪ್ಪಿನ ಗಾಡಿ ಸವೆದು ಹಲ್ಲು ಕಚ್ಚುವುದೇ ನಿಲ್ಲುತ್ತದೆ, ನಿಮಾಲಿಂಗ್ ಗಾಳಿಗೆ ಬಾಗಿಲು ಮುಚ್ಚುವುದಿಲ್ಲ. ಹಾಗೇ ಕಾಲಿನ ಉಗುರು ಕತ್ತರಿಸಿಕೊಳ್ಳಿ. ಕಾಂಗ್ಮಾರು ಲಾ ಆಚೆಗೆ ಉದ್ದಕ್ಕೂ ಇಳಿಜಾರು, ಉದ್ದ ಉಗುರು ಶೂ ತುದಿಗೆ ಬಡಿದು ಕಪ್ಪಾಗುತ್ತದೆ.

ಗ್ಯಾಸ್ ಡಬ್ಬಿಯನ್ನು ನೀರಿನಲ್ಲಿ ತೇಲಿಬಿಡಿ, ಖಾಲಿಯಾದಷ್ಟೂ ಮೇಲೆ ನಿಲ್ಲುತ್ತದೆ. ಹೊಸ ಡಬ್ಬಿಯೊಂದಿದ್ದರೆ ಪಕ್ಕದಲ್ಲಿ ಬಿಟ್ಟು ಹೋಲಿಸಿ. ಎಷ್ಟಿದೆ ಅಂತ ತಿಳಿದ ಮೇಲೆ ಅಡುಗೆ ಹಂಚಿಕೊಳ್ಳಿ. ನಿಮಾಲಿಂಗ್‌ನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ, ಗ್ಯಾಸ್ ಸುಮ್ಮನೆ ಉರಿದು ಹೋಗುತ್ತದೆ. ಅನ್ನ, ಬೇಳೆ, ಉಳಿದ ಆಲೂಗಡ್ಡೆ ಎಲ್ಲ ಬಿಡುವಿನ ದಿನವೇ ಕುಕ್ಕರಿಗೆ ಹಾಕಿ ಮುಗಿಸಿ. ಮೇಲಕ್ಕೆ ಗೊಜ್ಜವಲಕ್ಕಿ ಒಯ್ಯಿರಿ. ತರಿಯಾದ ಅವಲಕ್ಕಿಗೆ ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಮನೆಯಲ್ಲೇ ಒಣಗಿಸಿಟ್ಟದ್ದು ತಲೆಗೆ ನೂರು ಗ್ರಾಂ ಇದ್ದರೆ ಸಾಕು. ಬಿಸಿನೀರು ಸುರಿದು ಹದಿನೈದು ನಿಮಿಷ ಮುಚ್ಚಿಟ್ಟರೆ ಮೆತ್ತಗಾಗುತ್ತದೆ, ಪಾತ್ರೆ ಮಾತ್ರ ಜಾಕೆಟ್ಟಿನಲ್ಲಿ ಸುತ್ತಿಡಿ, ಇಲ್ಲವಾದರೆ ನೆನೆಯುವ ಮೊದಲೇ ತಣ್ಣಗಾಗುತ್ತದೆ.